ಲೈಬ್ರರಿಯಲ್ಲಿ ಕೊಟ್ಟ ಬೀಜ ಮೊಳೆಯಲಿಲ್ಲ: ತಪ್ಪು ಬೀಜದ್ದೋ, ನಮ್ಮದೋ?

ಓದುಗರ ಪ್ರಶ್ನೆ: ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಬಂದವರಿಗೆಲ್ಲ ಬೀಜದ ಪೊಟ್ಟಣ ಹಂಚಿದರು. ದಂಟು, ಬೆಂಡೆ, ಕೊತ್ತಂಬರಿ ತಂದು ಏಪ್ರಿಲ್ ಮೊದಲ ವಾರ ಟೆರೇಸಿನ ಕುಂಡಗಳಿಗೆ ಹಾಕಿದೆ. ಹನ್ನೆರಡು ದಿನವಾಯಿತು. ದಂಟು ಅಲ್ಲೊಂದು ಇಲ್ಲೊಂದು ಎದ್ದಿದೆ, ಉಳಿದೆರಡರ ಸುಳಿವೇ ಇಲ್ಲ. ಪುಕ್ಕಟೆ ಬೀಜ ಅಂತ ಹಳೇದು ಕೊಟ್ಟುಬಿಟ್ಟರಾ?

ಉತ್ತರ: ಹಳೇದೇ ಇರಬಹುದು. ಆದರೆ ಅದನ್ನು ಊಹಿಸುತ್ತ ಕೂರಬೇಕಿಲ್ಲ, ಪೊಟ್ಟಣದಲ್ಲಿ ಹತ್ತು ಬೀಜ ಉಳಿದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹಳೇ ಹತ್ತಿ ಬಟ್ಟೆಯ ತುಂಡು ಒದ್ದೆ ಮಾಡಿ, ಹಿಂಡಿದರೆ ಹನಿ ಬೀಳದಷ್ಟು ಹಿಂಡಿ. ಅದರ ಮೇಲೆ ಹತ್ತು ಬೀಜ ಒಂದಕ್ಕೊಂದು ತಾಗದ ಹಾಗೆ ಇಟ್ಟು, ಮಡಚಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಶೆಲ್ಫಿನ ಮೇಲಿಡಿ. ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಆಡಿಸಿ. ದಂಟು ಮೂರ್ನಾಲ್ಕು ದಿನಕ್ಕೆ, ಬೆಂಡೆ ನಾಲ್ಕರಿಂದ ಆರು ದಿನಕ್ಕೆ ಬಿಳಿ ಬೇರು ತೋರಿಸುತ್ತವೆ. ಕೊತ್ತಂಬರಿಗೆ ಎರಡು ವಾರ ಕೊಡಿ. ಹತ್ತರಲ್ಲಿ ಏಳು ಎದ್ದರೆ ಬೀಜಕ್ಕೆ ಬಯ್ಯುವ ಹಾಗಿಲ್ಲ. ನಾಲ್ಕೈದು ಎದ್ದರೆ ಎರಡರಷ್ಟು ಬಿತ್ತಿ. ಎರಡೇ ಎದ್ದರೆ ಲೈಬ್ರರಿಯವರಿಗೆ ಹೇಳಿ, ಆ ಪೊಟ್ಟಣ ಇನ್ನೊಬ್ಬರ ಕೈ ಸೇರದಿರಲಿ. ಅಂದಹಾಗೆ, ಪರೀಕ್ಷೆಯಾಗಿ ಪ್ರಮಾಣಪತ್ರ ಪಡೆದ ಬೀಜದಲ್ಲೂ ನೂರಕ್ಕೆ ನೂರು ಮೊಳೆಯಬೇಕು ಅಂತಿಲ್ಲ: ಟೊಮೆಟೊಗೆ ಶೇ. 70, ಬೆಂಡೆಗೆ ಶೇ. 65, ಮೆಣಸಿನಕಾಯಿಗೆ ಶೇ. 60 ಕನಿಷ್ಠ ಮಟ್ಟ.

ನೀವು ಬರೆದ ರೀತಿ ನೋಡಿದರೆ ಮೂರೂ ಒಂದೇ ಕಾರಣಕ್ಕೆ ಕೈಕೊಟ್ಟ ಹಾಗೆ ಕಾಣುವುದಿಲ್ಲ.

ದಂಟಿನ ಬೀಜ ಸಾಸಿವೆಗಿಂತ ಚಿಕ್ಕದು. ಅದರೊಳಗಿನ ಆಹಾರ ದಪ್ಪ ಮಣ್ಣು ದಾಟುವುದಕ್ಕೆ ಸಾಲದು. ಅದನ್ನು ಹೂಳಬಾರದು, ಉದುರಿಸಬೇಕು. ಒಂದು ಚಮಚ ಬೀಜಕ್ಕೆ ನಾಲ್ಕೈದು ಚಮಚ ಒಣ ಮರಳು ಬೆರೆಸಿ ಉದುರಿಸಿ, ಕಣ್ಣಿಗೆ ಮರೆಯಾಗುವಷ್ಟು ಮಾತ್ರ ಜರಡಿ ಹಿಡಿದ ಗೊಬ್ಬರ ಮೇಲೆ ಚಿಮುಕಿಸಿ. ಇಷ್ಟು ಮೇಲೆ ಕೂತ ಬೀಜಕ್ಕೆ ಏಪ್ರಿಲ್ ಬಿಸಿಲೇ ಶತ್ರು. ಬೆಳಿಗ್ಗೆ ನೀರು ಕೊಟ್ಟಿದ್ದು ಮಧ್ಯಾಹ್ನದೊಳಗೆ ಒಣಗಿ, ನೆನೆದು ಬಾಯಿ ಬಿಟ್ಟ ಬೀಜ ಅಲ್ಲೇ ಸಾಯುತ್ತದೆ. ಒದ್ದೆ ಗೋಣಿಚೀಲ ಹೊದಿಸಿ. ಆದರೆ ಎರಡನೇ ದಿನದಿಂದಲೇ ಎತ್ತಿ ನೋಡುತ್ತಿರಿ, ಮೊದಲ ಮೊಳಕೆ ಕಂಡ ಕೂಡಲೇ ಚೀಲ ತೆಗೆಯಿರಿ. ಒಂದು ದಿನ ತಡವಾದರೂ ಸಸಿಗಳು ಬಿಳಿಚಿಕೊಂಡು ದಾರದಂತೆ ಉದ್ದವಾಗಿ ಮಲಗುತ್ತವೆ. ಅಲ್ಲೊಂದು ಇಲ್ಲೊಂದು ಎದ್ದಿದೆ ಅಂದಿರಲ್ಲ, ಅದಕ್ಕೆ ಇರುವೆಯೂ ಕಾರಣ ಇರಬಹುದು. ಕುಂಡದ ಅಂಚಿನಲ್ಲಿ ಸಾಲು ಕಂಡರೆ ಮರಳಿನ ಜೊತೆ ಒಂದು ಹಿಡಿ ರವೆ ಬೆರೆಸಿ. ಇರುವೆ ರವೆ ಹೊತ್ತುಕೊಂಡು ಹೋಗುತ್ತದೆ, ಬೀಜಕ್ಕೆ ಬಿಡುವು ಸಿಗುತ್ತದೆ. ಹಳೇ ಉಪಾಯ, ಖರ್ಚೂ ಇಲ್ಲ.

ಬೆಂಡೆಗೆ ಬಿಸಿಲು ತೊಂದರೆಯಲ್ಲ, ಏಪ್ರಿಲ್ ಅದಕ್ಕೆ ಹೇಳಿಮಾಡಿಸಿದ ಕಾಲ. ಅದರ ಸಮಸ್ಯೆ ಗಟ್ಟಿ ಸಿಪ್ಪೆ. ರಾತ್ರಿ ಎಂಟರಿಂದ ಹತ್ತು ಗಂಟೆ ನೆನೆಸಿ, ಬೆಳಿಗ್ಗೆ ಬಿತ್ತಿ. ಮರೆತು ಇಡೀ ದಿನ ನೀರಲ್ಲಿ ಬಿಟ್ಟರೆ ಗಾಳಿ ಸಿಗದೆ ಕೊಳೆಯುತ್ತದೆ. ಆಳ ಬೆರಳಿನ ಉಗುರು ಮುಳುಗುವಷ್ಟು ಸಾಕು. ಹನ್ನೆರಡು ಇಂಚಿನ ಕುಂಡಕ್ಕೆ ಮೂರು ಬೀಜ, ಎದ್ದ ಮೇಲೆ ಗಟ್ಟಿಮುಟ್ಟಾದದ್ದು ಒಂದು ಉಳಿಸಿ, ಮಿಕ್ಕವನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ.

ಬೆಂಡೆ ವಿಷಯದಲ್ಲಿ ನಿಮ್ಮ ಮಣ್ಣಿನ ಮೇಲೂ ಅನುಮಾನವಿದೆ. ಮನೆ ಕಟ್ಟುವ ಕಡೆ ಪಾಯ ತೋಡಿದ ಕೆಂಪು ಮಣ್ಣನ್ನು ಹಾಗೇ ಕುಂಡಕ್ಕೆ ತುಂಬುವುದು ಬೆಂಗಳೂರಿನಲ್ಲಿ ಮಾಮೂಲಿ. ಆಳದಿಂದ ಬಂದ ಆ ಮಣ್ಣಿನಲ್ಲಿ ಸಾವಯವ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೀರು ಬಿದ್ದು ಒಣಗಿದರೆ ಮೇಲೊಂದು ಹೆಪ್ಪು ಕಟ್ಟುತ್ತದೆ, ಮೊಳಕೆ ಅಡಿಯಲ್ಲೇ ಬಗ್ಗಿ ನಿಲ್ಲುತ್ತದೆ. ಚಮಚದ ತುದಿಯಿಂದ ಮೆಲ್ಲಗೆ ಕೆದಕಿ ನೋಡಿ, ಹಳದಿ ಕುಣಿಕೆಯಂತೆ ಬಗ್ಗಿದ ಕಾಂಡ ಸಿಕ್ಕಿದರೆ ಬೀಜ ಒಳ್ಳೆಯದೇ. ಏನೂ ಸಿಗದೆ ಮೆತ್ತಗಿನ ಕಪ್ಪು ಬೀಜ ಸಿಕ್ಕಿದರೆ ನೀರು ಹೆಚ್ಚಾಗಿದೆ. ಕೆಂಪು ಮಣ್ಣು, ಕಾಂಪೋಸ್ಟ್, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮಸಮ ಬೆರೆಸಿ. ಕೊಕೊಪೀಟ್ ಇಟ್ಟಿಗೆ 650 ಗ್ರಾಮಿನದಾದರೆ ನೆನೆದು ಎಂಟೊಂಬತ್ತು ಲೀಟರ್ ಆಗುತ್ತದೆ. ಉಪ್ಪಿನಂಶ ಹೋಗಲು ಎರಡು ಸಲ ನೀರು ಬದಲಿಸಿ ಹಿಂಡಿ ಬಳಸಿ. ಕುಂಡಕ್ಕೆ ನೀರನ್ನು ಮಗ್ಗಿನಿಂದ ಸುರಿಯಬೇಡಿ, ಬಾಟಲಿ ಮುಚ್ಚಳಕ್ಕೆ ಸೂಜಿಯಿಂದ ಹತ್ತು ತೂತು ಮಾಡಿದರೆ ಅದೇ ಜರಡಿ ಕ್ಯಾನ್.

ಕೊತ್ತಂಬರಿಗೆ ಹನ್ನೆರಡು ದಿನ ತಡವೇನಲ್ಲ, ಒಳ್ಳೆ ಹವೆಯಲ್ಲೂ ಹತ್ತರಿಂದ ಹದಿನೈದು ದಿನ ತೆಗೆದುಕೊಳ್ಳುತ್ತದೆ. ನಾವು ಬೀಜ ಅನ್ನುವ ಆ ಗುಂಡು ಕಾಳಿನೊಳಗೆ ಎರಡು ಬೀಜವಿದೆ. ನೆಲದ ಮೇಲೆ ಹರಡಿ ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಹಗುರವಾಗಿ ಉಜ್ಜಿ ಎರಡು ಬೇಳೆ ಮಾಡಿ. ಪುಡಿಯಾದರೆ ಅದು ಸಾರಿಗೇ ಸರಿ. ರಾತ್ರಿ ನೆನೆಸಿ, ನೆರಳಲ್ಲಿ ಆರಿಸಿ, ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಆದರೆ ಮೂವತ್ತು ಡಿಗ್ರಿ ದಾಟುವ ಟೆರೇಸಿನಲ್ಲಿ ಅದು ಏಳುವುದೂ ಕಷ್ಟ, ಎದ್ದರೂ ಸೊಪ್ಪು ಕೊಡದೆ ಹೂವಿಗೆ ಓಡುತ್ತದೆ. ಬೆಳಗಿನ ಬಿಸಿಲು ಮಾತ್ರ ಬೀಳುವ ಕಿಟಕಿಗೆ ಕುಂಡ ಸಾಗಿಸಿ, ಇಲ್ಲವೇ ಜೂನ್‌ವರೆಗೆ ಕಾಯಿರಿ.

ಎದ್ದ ಸಸಿ ನಾಲ್ಕೇ ದಿನಕ್ಕೆ ಬುಡ ದಾರದಂತೆ ಸಣ್ಣಗಾಗಿ ಬಿದ್ದರೆ ಅದು ಸಸಿ ಸಾಯುವ ರೋಗ. ಒತ್ತೊತ್ತಾಗಿ ಬಿತ್ತಿ ಸಂಜೆ ನೀರು ಹಾಕುವ ಕಡೆ ಹೆಚ್ಚು. ತೆಳುವಾಗಿ ಬಿತ್ತಿ, ನೀರು ಬೆಳಿಗ್ಗೆ ಕೊಡಿ.

ಮುಂದಿನ ಸಲ ಲೈಬ್ರರಿಗೆ ಹೋದಾಗ ಅವರೆ ಬೀಜ ಕಂಡು ಆಸೆಯಾದೀತು. ನಾಟಿ ಸೊನೆ ಅವರೆ ಹಗಲು ಚಿಕ್ಕದಾಗದೆ ಹೂ ಬಿಡುವುದಿಲ್ಲ. ಈಗ ಹಾಕಿದರೆ ಬಳ್ಳಿ ಗ್ರಿಲ್ ತುಂಬ ಹಬ್ಬುತ್ತದೆ, ಕಾಯಿ ಮಾತ್ರ ಚಳಿಗಾಲಕ್ಕೇ. ಜುಲೈವರೆಗೆ ಡಬ್ಬಿಯಲ್ಲಿಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 4 ತಳಿ ಸಿಕ್ಕರೆ ಈ ಕಟ್ಟುಪಾಡಿಲ್ಲ. ಗುಲಾಬಿಯೋ ನೀಲಿಯೋ ಬಣ್ಣ ಬಳಿದ ಬೀಜವಾದರೆ ಶಿಲೀಂಧ್ರನಾಶಕ ಸವರಿದ್ದು: ಮಕ್ಕಳ ಕೈಗೆ ಕೊಡಬೇಡಿ, ಬಿತ್ತಿದ ಮೇಲೆ ಕೈ ತೊಳೆಯಿರಿ.

ಬೆಳೆದ ಮೇಲೆ ಬೀಜ ವಾಪಸ್ ಕೊಡಿ ಅಂತ ಲೈಬ್ರರಿಯವರು ಕೇಳಿದರೆ ಪೊಟ್ಟಣದಲ್ಲಿ ಎಫ್1 (ಎರಡು ತಳಿ ಕೂಡಿಸಿದ ಮೊದಲ ಪೀಳಿಗೆ) ಅಂತ ಇದೆಯಾ ನೋಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಎಫ್1 ಹೈಬ್ರಿಡ್, ಅದರ ಬೀಜದಿಂದ ಬರುವ ಗಿಡಗಳು ಒಂದೊಂದು ಒಂದೊಂದು ಥರ. ಅದೇ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ ಹೈಬ್ರಿಡ್ ಅಲ್ಲ, ಬೀಜ ಉಳಿಸಿಕೊಳ್ಳಬಹುದು. ಎಲೆ ಹಳದಿಯಾಗದ ಗಿಡದಲ್ಲಿ ಎರಡು ಕಾಯಿ ಕೀಳದೆ ಬಿಡಿ. ಕಾಯಿ ಕಂದಾಗಿ ಅಂಚು ಬಿರಿದಾಗ ಕಿತ್ತು, ನೆರಳಲ್ಲಿ ಒಂದು ವಾರ ಒಣಗಿಸಿ, ಕಾಗದದ ಪೊಟ್ಟಣದ ಮೇಲೆ ತಳಿಯ ಹೆಸರು, ಕಿತ್ತ ತಿಂಗಳು, ವರ್ಷ ಬರೆದು ಕೊಡಿ.