ಲಿಂಗ ಸಮಾನತಾ ಸೂಚ್ಯಂಕ: ಲೆಕ್ಕ 1 ಬಂದರೆ ಸಾಕಾ?

ಶಿಕ್ಷಣದ ವರದಿಗಳನ್ನು ಓದುವವರಿಗೆ ಜಿಪಿಐ ಎಂಬ ಮೂರಕ್ಷರ ಆಗಾಗ ಎದುರಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಲಿಂಗ ಸಮಾನತಾ ಸೂಚ್ಯಂಕ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಕಿಲ್ಲ, ಲೆಕ್ಕ ಬಹಳ ಸುಲಭ. ಶಾಲೆಗೆ ಹೋಗುವ ವಯಸ್ಸಿನ 100 ಹುಡುಗಿಯರಿಗೆ ಎಷ್ಟು ಜನ ದಾಖಲಾಗಿದ್ದಾರೆ ನೋಡಿ. 100 ಹುಡುಗರಿಗೆ ಎಷ್ಟು ಅಂತಲೂ ನೋಡಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಎರಡೂ ಸಮ ಇದ್ದರೆ 1 ಬರುತ್ತದೆ. ಅದಕ್ಕಿಂತ ಕಡಿಮೆ ಬಂದರೆ ಹುಡುಗಿಯರು ಹಿಂದಿದ್ದಾರೆ, ಜಾಸ್ತಿ ಬಂದರೆ ಹುಡುಗರು ಹಿಂದಿದ್ದಾರೆ. ಕರಾರುವಾಕ್ಕಾಗಿ 1 ಬರುವುದು ಅಪರೂಪ. ಹಾಗಾಗಿ 0.97ರಿಂದ 1.03ರ ಒಳಗೆ ಎಷ್ಟಿದ್ದರೂ ಯುನೆಸ್ಕೊ ಅದನ್ನು ಸಮಾನ ಎಂದೇ ಲೆಕ್ಕ ಹಿಡಿಯುತ್ತದೆ.

ಶ್ರೀಮಂತ ದೇಶಗಳ ಪ್ರಾಥಮಿಕ ಶಾಲೆಗಳಲ್ಲಿ ಈ ಅಂಕಿ 1ರ ಆಸುಪಾಸಿನಲ್ಲೇ ಇರುತ್ತದೆ. ಅಲ್ಲಿ ಶಾಲೆ ಕಡ್ಡಾಯ, ಸರ್ಕಾರಿ ಶಾಲೆಯಲ್ಲಿ ಫೀಸಿಲ್ಲ, ಮಗು ಬಾರದಿದ್ದರೆ ಅಪ್ಪ ಅಮ್ಮನನ್ನು ಕೇಳುವವರಿದ್ದಾರೆ. ದುಡ್ಡಿರುವ ದೇಶ, ಅಲ್ಲಿ ಹೀಗೇ ಇರುತ್ತೆ ಬಿಡಿ ಅನ್ನಿಸಬಹುದು. ಮೊದಲು ಹಾಗಿರಲಿಲ್ಲ.

ಜಪಾನನ್ನೇ ನೋಡಿ. ಎಲ್ಲ ಮಕ್ಕಳೂ ಶಾಲೆಗೆ ಬರಬೇಕು ಅಂತ ಅಲ್ಲಿ ಆಜ್ಞೆ ಹೊರಟದ್ದು 1872ರಲ್ಲಿ. ಮರುವರ್ಷ ದಾಖಲಾದ ಹುಡುಗರು ಸುಮಾರು ಶೇ 40, ಹುಡುಗಿಯರು ಶೇ 15. ಭಾಗಿಸಿದರೆ 0.38. ಆಗ ಫೀಸು ಕಟ್ಟಬೇಕಿತ್ತು. ಇಬ್ಬರನ್ನು ಕಳಿಸಲು ಆಗದ ಮನೆಯಲ್ಲಿ ಯಾರು ಉಳಿಯುತ್ತಿದ್ದರು ಅಂತ ಹೇಳಬೇಕಾ? ಅದಕ್ಕಿಂತ ದೊಡ್ಡ ಕಾರಣ ಕೂಸುಗಳು. ಎಂಟು, ಹತ್ತು ವರ್ಷದ ಹುಡುಗಿಯರು ತಮ್ಮ ತಂಗಿಯರನ್ನೋ, ಕೂಲಿಗಾಗಿ ಬೇರೆ ಮನೆಯ ಕೂಸುಗಳನ್ನೋ ಬೆನ್ನಿಗೆ ಕಟ್ಟಿಕೊಂಡು ಇಡೀ ದಿನ ನೋಡಿಕೊಳ್ಳುತ್ತಿದ್ದರು. ಕೊನೆಗೆ ಕೆಲವು ಕಡೆ ಇಂಥ ಹುಡುಗಿಯರಿಗೆಂದೇ ಶಾಲೆ ತೆರೆದರು. ಅಲ್ಲಿಗೆ ಕೂಸನ್ನು ಕರೆದುಕೊಂಡೇ ಬರಬಹುದಿತ್ತು. ಹೆಣ್ಣುಮಕ್ಕಳನ್ನು ಕಳಿಸಲಿ ಅಂತ ಹೊಲಿಗೆಯನ್ನೂ ಪಾಠಕ್ಕೆ ಸೇರಿಸಿದರು. 1900ರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳ ಫೀಸು ಹೋಯಿತು. 1910ರ ಹೊತ್ತಿಗೆ ಹುಡುಗರು, ಹುಡುಗಿಯರು ಇಬ್ಬರೂ ಶೇ 97 ದಾಟಿದ್ದರು. ಅಂದರೆ 0.38ರಿಂದ ಹೆಚ್ಚುಕಮ್ಮಿ 1ಕ್ಕೆ ಬರಲು 37 ವರ್ಷ. ಇದು ದಾಖಲಾತಿಯ ಲೆಕ್ಕ ಅನ್ನುವುದು ನೆನಪಿರಲಿ. ದಿನಾ ಬಂದು ಕೂರುತ್ತಿದ್ದವರು ಇದಕ್ಕಿಂತ ಕಡಿಮೆ. ಹೆಸರು ಹಚ್ಚಿಸುವುದು ಬೇರೆ, ಹಾಜರಿ ಬೇರೆ ಅಂತ ಯಾವ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ.

ಈಗ ಬಹಳ ಜನ ಎಡವುವ ಜಾಗಕ್ಕೆ ಬರೋಣ. ಶ್ರೀಮಂತ ದೇಶಗಳ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಹುಡುಗಿಯರು ಸುಮಾರು ಶೇ 49 ಅಂತ ಓದಿದ ಕೂಡಲೇ, ಅರ್ಧಕ್ಕಿಂತ ಕಡಿಮೆ ಇದ್ದಾರಲ್ಲ, ಅಲ್ಲೂ ತಾರತಮ್ಯ ಇದೆ ಅಂತ ತೀರ್ಮಾನಿಸಬೇಡಿ. ಯಾರೂ ಕೈ ಹಾಕದಿದ್ದರೂ 100 ಹೆಣ್ಣುಮಕ್ಕಳು ಹುಟ್ಟುವಾಗ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ಅವರೆಲ್ಲ ಶಾಲೆಗೆ ಬಂದರೂ ಹುಡುಗಿಯರ ಪಾಲು ಶೇ 49ರ ಹತ್ತಿರವೇ ನಿಲ್ಲುತ್ತದೆ. ಅದಕ್ಕೇ ಜಿಪಿಐ ತಲೆ ಎಣಿಸುವುದಿಲ್ಲ. ಹುಡುಗಿಯರನ್ನು ಹುಡುಗಿಯರ ಜನಸಂಖ್ಯೆಗೆ, ಹುಡುಗರನ್ನು ಹುಡುಗರ ಜನಸಂಖ್ಯೆಗೆ ಹೋಲಿಸಿ, ಆಮೇಲೆ ಭಾಗಿಸುತ್ತದೆ.

ಜಾಣತನದ ಲೆಕ್ಕವೇ. ಆದರೆ ಇದರಲ್ಲೇ ಒಂದು ಕುರುಡೂ ಇದೆ. ಅದು ಎದ್ದು ಕಂಡದ್ದು ದಕ್ಷಿಣ ಕೊರಿಯಾದಲ್ಲಿ.

ಸ್ಕ್ಯಾನಿಂಗ್ ಬಂದ ಮೇಲೆ ಅಲ್ಲಿ ಗಂಡುಮಗುವಿನ ಆಸೆಗೆ ಭ್ರೂಣಹತ್ಯೆ ಹೆಚ್ಚಿತು. ಹೊಟ್ಟೆಯಲ್ಲಿರುವ ಮಗು ಹೆಣ್ಣೋ ಗಂಡೋ ಅಂತ ಡಾಕ್ಟರು ಹೇಳಬಾರದು ಎಂದು 1987ರಲ್ಲಿ ಕಾನೂನು ತಂದರೂ ತಕ್ಷಣ ನಿಲ್ಲಲಿಲ್ಲ. 1990ರಲ್ಲಿ 100 ಹೆಣ್ಣುಮಕ್ಕಳಿಗೆ 116ಕ್ಕೂ ಹೆಚ್ಚು ಗಂಡುಮಕ್ಕಳು ಹುಟ್ಟಿದರು. ಆ ಮಕ್ಕಳು ಒಂದನೇ ತರಗತಿಗೆ ಬಂದದ್ದು 1997ರ ಸುಮಾರಿಗೆ. ಅಷ್ಟರಲ್ಲಿ ಕೊರಿಯಾ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಗೂ ಸೇರಿಯಾಗಿತ್ತು. ಅಲ್ಲಿನ ತರಗತಿಗಳಲ್ಲಿ ಇಬ್ಬರು ಕೂರುವ ಡೆಸ್ಕಿಗೆ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಜೋಡಿ ಮಾಡುವ ರೂಢಿ ಇತ್ತು. ಈಗ ಜೋಡಿಗೆ ಹುಡುಗಿಯರೇ ಸಾಲಲಿಲ್ಲ. ಹುಡುಗರ ಪಕ್ಕ ಹುಡುಗರೇ ಕೂತರು.

ಈ ತರಗತಿಯ ಜಿಪಿಐ ಎಷ್ಟು ಬರುತ್ತದೆ? ಒಂದು ಊರಿನಲ್ಲಿ 116 ಹುಡುಗರಿದ್ದಾರೆ, ಎಲ್ಲರೂ ಶಾಲೆಯಲ್ಲಿದ್ದಾರೆ. 100 ಹುಡುಗಿಯರಿದ್ದಾರೆ, ಅವರೂ ಎಲ್ಲರೂ ಶಾಲೆಯಲ್ಲಿದ್ದಾರೆ. ಶೇ 100ನ್ನು ಶೇ 100ರಿಂದ ಭಾಗಿಸಿದರೆ 1. ಪೂರ್ತಿ ಸಮಾನ! ಹುಟ್ಟದೇ ಹೋದ ಹುಡುಗಿ ಮೇಲಿನ ಸಂಖ್ಯೆಯಲ್ಲೂ ಇಲ್ಲ, ಕೆಳಗಿನ ಸಂಖ್ಯೆಯಲ್ಲೂ ಇಲ್ಲ. ಹಾಗಾಗಿ ಯಾವ ದೇಶದ ಜಿಪಿಐ ನೋಡಿದರೂ ಪಕ್ಕದಲ್ಲೇ ಅಲ್ಲಿನ ಜನನದ ಲಿಂಗಾನುಪಾತ ನೋಡುವುದು ಒಳ್ಳೆಯದು. ಕೊರಿಯಾದಲ್ಲಿ ಅದು ಮಾಮೂಲಿ ಮಟ್ಟಕ್ಕೆ ಇಳಿದದ್ದು 2007ರ ಹೊತ್ತಿಗೆ. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡನ್ನು ಸ್ಕ್ಯಾನಿಂಗ್ ಸೆಂಟರಿನಲ್ಲಿ ನೋಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸಣ್ಣ ತೊಡಕಿದೆ. ಜಿಪಿಐಗೆ ಹೆಚ್ಚಾಗಿ ಬಳಸುವುದು ಒಟ್ಟು ದಾಖಲಾತಿ ಅನುಪಾತ, ಅಂದರೆ ಆ ವಯಸ್ಸಿನ ಪ್ರತಿ 100 ಮಕ್ಕಳಿಗೆ ದಾಖಲಾದವರೆಷ್ಟು ಎಂಬ ಲೆಕ್ಕ. ಇದರಲ್ಲಿ ವಯಸ್ಸು ಮೀರಿ ಕೂತವರನ್ನೂ ಎಣಿಸುತ್ತಾರೆ, ಹಾಗಾಗಿ ಅದು ಶೇ 100 ದಾಟುವುದೂ ಉಂಟು. ಒಂದೇ ತರಗತಿಯಲ್ಲಿ ಎರಡನೇ ಸಲ ಕೂರುವವರು ಹುಡುಗರೇ ಜಾಸ್ತಿ. ಅದರಿಂದ ಹುಡುಗರ ಅಂಕಿ ಸ್ವಲ್ಪ ಉಬ್ಬಿ, ಜಿಪಿಐ 1ಕ್ಕಿಂತ ಒಂಚೂರು ಕೆಳಗೆ ಕಾಣಬಹುದು. ಫೇಲಾದದ್ದು ಹುಡುಗರು, ಹಿಂದಿರುವಂತೆ ಕಾಣುವುದು ಹುಡುಗಿಯರು!

ಪ್ರಾಥಮಿಕ ಶಾಲೆ ದಾಟಿದ ಮೇಲೆ ಶ್ರೀಮಂತ ದೇಶಗಳ ಚಿಂತೆಯೇ ತಿರುವುಮುರುವಾಗಿದೆ. ಹದಿನೈದು ವರ್ಷದವರಿಗೆ ಒಇಸಿಡಿ ಹಲವು ದೇಶಗಳಲ್ಲಿ ನಡೆಸುವ ಪೀಸಾ ಪರೀಕ್ಷೆಯಲ್ಲಿ, ಓದಿ ಅರ್ಥ ಮಾಡಿಕೊಳ್ಳುವ ವಿಷಯಕ್ಕೆ ಬಂದರೆ ಹುಡುಗಿಯರೇ ಮುಂದೆ. ಐಸ್‌ಲ್ಯಾಂಡಿನಂಥ ಕಡೆ ವಿಶ್ವವಿದ್ಯಾಲಯಗಳಲ್ಲಿ ಹುಡುಗಿಯರು ಬಹಳ ಜಾಸ್ತಿ. ಇಲ್ಲಿ ಲೆಕ್ಕವೂ ಕೈಕೊಡುತ್ತದೆ. ಹುಡುಗಿಯರ ದಾಖಲಾತಿ ಹುಡುಗರದ್ದರ ಅರ್ಧದಷ್ಟಿದ್ದರೆ 0.5, ಅಂದರೆ 1ರಿಂದ ಅರ್ಧ ದೂರ. ಹುಡುಗರ ದಾಖಲಾತಿ ಹುಡುಗಿಯರದ್ದರ ಅರ್ಧದಷ್ಟಿದ್ದರೆ 2, ಅಂದರೆ 1ರಿಂದ ಪೂರ್ತಿ ಒಂದು ದೂರ. ಅಂತರ ಒಂದೇ ಆದರೂ ಎರಡನೆಯದು ದೊಡ್ಡದಾಗಿ ಕಾಣುತ್ತದೆ. ಅದನ್ನು ಸರಿದೂಗಿಸಲು ಜಿಪಿಐ 1 ದಾಟಿದಾಗ ಲೆಕ್ಕವನ್ನು ತಿರುಗಿಸಿ, ಹುಡುಗರನ್ನು ಹುಡುಗಿಯರಿಂದ ಭಾಗಿಸಿ, ಬಂದದ್ದನ್ನು 2ರಲ್ಲಿ ಕಳೆಯುತ್ತಾರೆ. ಆಗ 2 ಇದ್ದದ್ದು 1.5 ಆಗುತ್ತದೆ. ವರದಿಯಲ್ಲಿ ‘ಹೊಂದಿಸಿದ ಸೂಚ್ಯಂಕ’ ಅಂತ ಕಂಡರೆ ಅದು ಇದೇ.