ಸಮ, ಅತೀತ, ಅನಾಗತ: ಅನಿಮೇಷನ್ ಚಿತ್ರಗಳು ನಮ್ಮನ್ನು ಅಳಿಸಲು ಕಲಿತ ಬಗೆ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಹಾಸನದ ನಮ್ಮ ಮನೆಗೆ ಬಂದಿದ್ದಳು. ಹತ್ತು ವರ್ಷದ ಹುಡುಗಿ. ನನ್ನ ಬಳಿಯೇ ಪಿಟೀಲು ಕಲಿಯುತ್ತಾಳೆ. ಒಂದು ಮಧ್ಯಾಹ್ನ ಅವಳಿಗೆ 2009ರ ‘ಅಪ್’ ಚಿತ್ರದ ಶುರುವಿನ ಒಂದು ಭಾಗವನ್ನು ಟಿವಿಯ ಸದ್ದು ಪೂರ್ತಿ ತೆಗೆದು ತೋರಿಸಿದೆ. ಕಾರ್ಲ್ ಮತ್ತು ಎಲೀ ಮದುವೆಯಾಗುತ್ತಾರೆ, ಹಳೇ ಮನೆಯನ್ನು ರಿಪೇರಿ ಮಾಡಿಕೊಳ್ಳುತ್ತಾರೆ, ದೂರದ ಪ್ರವಾಸಕ್ಕೆಂದು ಗಾಜಿನ ಜಾಡಿಯಲ್ಲಿ ಚಿಲ್ಲರೆ ಕೂಡಿಡುತ್ತಾರೆ. ಟೈರು ಒಡೆಯಿತೆಂದು, ಸೂರು ಮುರಿಯಿತೆಂದು ಆ ಜಾಡಿಯನ್ನು ಮತ್ತೆ ಮತ್ತೆ ಒಡೆಯುತ್ತಾರೆ. ಮಗು ಆಗುವುದಿಲ್ಲ. ಮುದುಕರಾಗುತ್ತಾರೆ. ಎಲೀ ತೀರಿಕೊಳ್ಳುತ್ತಾಳೆ. ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ನಡೆಯುವ ಈ ಭಾಗದಲ್ಲಿ ಯಾರೂ ಮಾತಾಡುವುದಿಲ್ಲ. ಹುಡುಗಿ ಚಕ್ಕುಲಿ ತಿನ್ನುತ್ತಾ ನೋಡಿದಳು. “ಅಜ್ಜಿ ಸತ್ತೋದ್ರಾ ಮಾಮ?” ಎಂದು ಕೇಳಿ ಡಬ್ಬಿಗೆ ಮತ್ತೆ ಕೈ ಹಾಕಿದಳು.

ಅದನ್ನೇ ಸದ್ದು ಕೊಟ್ಟು ಎರಡನೇ ಸಲ ಹಾಕಿದೆ. ಆಸ್ಪತ್ರೆಯ ದೃಶ್ಯ ಬರುವಷ್ಟರಲ್ಲಿ ತಿನ್ನುವುದು ನಿಂತಿತು. ಮುಗಿದ ಮೇಲೆ ಏನೂ ಕೇಳಲಿಲ್ಲ, ಎದ್ದು ಒಳಗೆ ಹೋದಳು.

ಚಿತ್ರ ಎರಡು ಸಲವೂ ಅದೇ. ಕತೆ ಅವಳಿಗೆ ಮೊದಲ ಸಲವೇ ಅರ್ಥವಾಗಿತ್ತು. ಎರಡನೇ ಸಲ ಹೆಚ್ಚಿಗೆ ಸೇರಿದ್ದು ಮೈಕಲ್ ಜಿಯಾಕಿನೋ ಕಟ್ಟಿದ ಒಂದು ಪುಟ್ಟ ಧಾಟಿ ಮಾತ್ರ. ಅದು ಮೂರು ಪೆಟ್ಟಿನ ವಾಲ್ಟ್ಜ್. ನಮ್ಮ ಮಕ್ಕಳಿಗೆ ಹೇಳುವುದಾದರೆ ತಕಿಟ, ತಕಿಟ. ಮದುವೆ ಮನೆಯ ಉತ್ಸಾಹದಲ್ಲಿ, ತುಂಬಿದ ವಾದ್ಯಗಳೊಂದಿಗೆ ಶುರುವಾಗುತ್ತದೆ. ಕೊನೆಗೆ ಅದೇ ಎಳೆ ಒಂಟಿ ಪಿಯಾನೋದಲ್ಲಿ, ಇಳಿದ ಕಾಲದಲ್ಲಿ ಬರುತ್ತದೆ. ಸಾವು ಬಂತೆಂದು ಬೇರೆ ಶೋಕದ ರಾಗವನ್ನು ತಂದು ಸುರಿದಿಲ್ಲ. ಮದುವೆಯ ದಿನ ಕೇಳಿದ್ದನ್ನೇ ಕೇಳಿಸಿದ್ದಾರೆ, ಜೊತೆಗಿದ್ದ ವಾದ್ಯಗಳು ಮಾತ್ರ ಒಂದೊಂದಾಗಿ ಎದ್ದು ಹೋಗಿವೆ. ಹುಡುಗಿಗೆ ಹೊಟ್ಟೆಯಲ್ಲಿ ಏನೋ ಕಲಕಿದ್ದು ಆ ಖಾಲಿತನದಿಂದ. ಜಿಯಾಕಿನೋಗೆ ಆಸ್ಕರ್ ತಂದುಕೊಟ್ಟ ಸಂಗೀತವಿದು.

ಇಷ್ಟು ಸರಳವಾಗಿ ಕಾಣುವ ಈ ಯುಕ್ತಿಗೆ ಅನಿಮೇಷನ್ ಸಂಗೀತ ಬಂದು ಮುಟ್ಟಲು ಎಂಟು ದಶಕ ಹಿಡಿಯಿತು. ಆ ದಾರಿಯನ್ನು ನಾನು ನನ್ನ ಕಸುಬಿನ ಮೂರು ಪದಗಳಲ್ಲಿ ನೋಡುತ್ತೇನೆ. ಕರ್ನಾಟಕ ಸಂಗೀತದಲ್ಲಿ ಹಾಡು ತಾಳದ ಜೊತೆಯಲ್ಲೇ ಶುರುವಾದರೆ ಸಮ. ತಾಳಕ್ಕಿಂತ ಮೊದಲೇ ಎತ್ತಿಕೊಂಡರೆ ಅತೀತ. ತಾಳ ಶುರುವಾಗಿ ತುಸು ಕಳೆದ ಮೇಲೆ ಎತ್ತಿಕೊಂಡರೆ ಅನಾಗತ. ಪರದೆಯ ಮೇಲಿನ ಚಿತ್ರವನ್ನು ತಾಳ ಅಂದುಕೊಳ್ಳಿ. ಸಂಗೀತ ಅದರ ಜೊತೆಗೆ ಹೋಗಬೇಕೆ, ಮುಂದೆ ಹೋಗಬೇಕೆ, ಹಿಂದೆ ಉಳಿಯಬೇಕೆ? ಈ ಒಂದು ತೀರ್ಮಾನದ ಮೇಲೆ ನೋಡುವವರ ಕಣ್ಣೀರು ನಿಂತಿದೆ.

ಅನಿಮೇಷನ್‌ನಲ್ಲಿ ಈ ತೀರ್ಮಾನಕ್ಕೆ ಬೇರೆ ಸಿನಿಮಾಗಳಿಗಿಂತ ತೂಕ ಹೆಚ್ಚು. ಕ್ಯಾಮೆರಾ ಮುಂದೆ ನಟರು ನಿಂತರೆ ಉಸಿರು, ಸೀರೆಯ ಸರಬರ, ದೂರದ ನಾಯಿ ಬೊಗಳುವುದು ಎಲ್ಲ ತಾನಾಗಿ ಬಂದು ಸೇರುತ್ತದೆ. ಬರೆದ ಚಿತ್ರಕ್ಕೆ ಉಸಿರೂ ಇಲ್ಲ. ಯಾರಾದರೂ ತಂದು ಇಟ್ಟರಷ್ಟೇ ಅಲ್ಲಿ ಸದ್ದು.

ನಮ್ಮ ತೊಗಲುಗೊಂಬೆಯವರಿಗೆ ಇದು ಯಾವಾಗಿನಿಂದಲೂ ಗೊತ್ತು. ನಾನು ಹುಟ್ಟಿ ಬೆಳೆದದ್ದು ಅರಕಲಗೂಡು ಕಡೆ. ಚಿಕ್ಕವನಿದ್ದಾಗ ಊರ ಜಾತ್ರೆಯಲ್ಲಿ ಗೊಂಬೆಯಾಟ ನೋಡಿದ್ದೆ. ಎಣ್ಣೆ ದೀಪದ ಜಾಗಕ್ಕೆ ಆಗಲೇ ಬಲ್ಬು ಬಂದಿತ್ತು. ಸೀತೆಯನ್ನು ರಾವಣ ಹೊತ್ತೊಯ್ಯುವಾಗ, ಅಷ್ಟು ಹೊತ್ತು ಗಟ್ಟಿಯಾಗಿ ನುಡಿಯುತ್ತಿದ್ದ ಹಾರ್ಮೋನಿಯಂ ನಿಂತುಹೋಯಿತು. ತಾಳವೊಂದೇ ಉಳಿಯಿತು. ಪರದೆಯ ಹಿಂದೆ ಕೂತ ಹೆಂಗಸು ಒಂದು ಸಾಲು ಹಾಡಿ ಸುಮ್ಮನಾದಳು. ಪಕ್ಕದಲ್ಲಿ ಕೂತಿದ್ದ ನಮ್ಮಜ್ಜಿ, “ನೋಡ್ಲಾ, ಹೆಂಗ್ ಅಳ್ತಾವ್ಳೆ ಸೀತಮ್ಮ” ಅಂದರು. ಗೊಂಬೆಯ ಮುಖ ಬದಲಾಗಿರಲಿಲ್ಲ. ಚರ್ಮದಲ್ಲಿ ಕೊರೆದ ಮುಖ, ಬದಲಾಗುವುದಾದರೂ ಹೇಗೆ?

ಅಮೆರಿಕದಲ್ಲಿ ಈ ಪಾಠ ಸಮದಿಂದ ಶುರುವಾಯಿತು. 1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ‘ಸ್ಟೀಮ್‌ಬೋಟ್ ವಿಲ್ಲಿ’ ತೆರೆ ಕಂಡಾಗ ಜನ ಬೆರಗಾಗಿದ್ದು ಮಿಕ್ಕಿ ಇಲಿಯ ಚಂದಕ್ಕಿಂತ ಹೆಚ್ಚಾಗಿ, ಅದು ಕಾಲು ಕುಣಿಸಿದ ಕ್ಷಣಕ್ಕೇ ಸಂಗೀತದ ಪೆಟ್ಟು ಬೀಳುವುದಕ್ಕೆ. ಅದನ್ನು ಸಾಧಿಸುವುದು ಸುಲಭವಿರಲಿಲ್ಲ. ಮೊದಲ ರೆಕಾರ್ಡಿಂಗ್‌ನಲ್ಲಿ ವಾದ್ಯವೃಂದ ಚಿತ್ರದ ಜೊತೆ ಕೂಡಲೇ ಇಲ್ಲ. ಆಮೇಲೆ ಫಿಲ್ಮಿನ ಮೇಲೆ ಪುಟಿಯುವ ಚೆಂಡೊಂದನ್ನು ಮೂಡಿಸಿ, ಅದನ್ನೇ ನೋಡಿಕೊಂಡು ತಾಳ ಹಾಕುವಂತೆ ಮಾಡಿದರು. ಲೆಕ್ಕ ಹೀಗೆ: ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಪ್ರತಿ 12 ಚಿತ್ರಕ್ಕೊಂದು ಪೆಟ್ಟು ಇಟ್ಟರೆ ನಿಮಿಷಕ್ಕೆ 120 ಪೆಟ್ಟು. ಪ್ರತಿ 8 ಚಿತ್ರಕ್ಕೆ ಇಟ್ಟರೆ 180. ಚಿತ್ರ ಬರೆಯುವವನೂ ಸಂಗೀತ ಕಟ್ಟುವವನೂ ಒಂದೇ ಹಾಳೆಯಲ್ಲಿ ಈ ಎಣಿಕೆ ಹಾಕಿಕೊಂಡು ಕೆಲಸಕ್ಕೆ ಕೂರುತ್ತಿದ್ದರು. ಮುಂದೆ ಫಿಲ್ಮಿನಲ್ಲಿ ತೂತು ಹೊಡೆದು ಟಿಕ್ ಟಿಕ್ ಸದ್ದು ಬರಿಸಿ, ವಾದ್ಯಗಾರರ ಕಿವಿಗೆ ಅದನ್ನೇ ಕೇಳಿಸುವ ಕ್ರಮ ಬಂತು. ಕ್ಲಿಕ್ ಟ್ರ್ಯಾಕ್ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಎಲ್ಲ ಸ್ಟುಡಿಯೋಗಳಲ್ಲಿ ಇದೆ.

ಈ ಕೆಲಸದಲ್ಲಿ ದೊಡ್ಡ ಹೆಸರು ಕಾರ್ಲ್ ಸ್ಟಾಲಿಂಗ್. ಕಾನ್ಸಾಸ್ ಸಿಟಿಯ ಟಾಕೀಸುಗಳಲ್ಲಿ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸುತ್ತಿದ್ದವರು. 1936ರಿಂದ 1958ರವರೆಗೆ ವಾರ್ನರ್ ಬ್ರದರ್ಸ್‌ನಲ್ಲಿ ಕೂತು ಹೆಚ್ಚುಕಮ್ಮಿ ವಾರಕ್ಕೊಂದರಂತೆ 600ಕ್ಕೂ ಹೆಚ್ಚು ಕಾರ್ಟೂನುಗಳಿಗೆ ಸಂಗೀತ ಕೊಟ್ಟರು. ಬೆಕ್ಕು ಮೆಲ್ಲಗೆ ಹೆಜ್ಜೆ ಇಟ್ಟರೆ ತಂತಿ ಮೀಟು, ಬಿದ್ದರೆ ತಮಟೆ. ಇದಕ್ಕೆ ‘ಮಿಕ್ಕಿ ಮೌಸಿಂಗ್’ ಎಂದು ಹೆಸರಿಟ್ಟು ಆಡಿಕೊಂಡವರೂ ಇದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕೊಪ್ಪ, ಶೃಂಗೇರಿ ಕಡೆ ರಾತ್ರಿಯ ಯಕ್ಷಗಾನದಲ್ಲಿ ವೇಷಧಾರಿಯ ಹೆಜ್ಜೆ ನೆಲಕ್ಕೆ ತಾಗುವ ಹೊತ್ತಿಗೇ ಚೆಂಡೆಯ ಪೆಟ್ಟು ಬೀಳುವುದನ್ನು ಕೂತು ನೋಡಿದವರಿಗೆ, ಹೆಜ್ಜೆಗೆ ಪೆಟ್ಟು ಕೂಡಿದಾಗ ಮೈಯಲ್ಲಿ ಏಳುವ ಹುರುಪು ಎಂಥದೆಂದು ಗೊತ್ತು. ಸಮ ಕೊಡುವುದು ಆ ಹುರುಪನ್ನು. ನಗಿಸಲು, ಬೆಚ್ಚಿಬೀಳಿಸಲು ಅದಕ್ಕಿಂತ ಒಳ್ಳೆ ದಾರಿಯಿಲ್ಲ.

ಅದೇ ಕಾಲದಲ್ಲಿ ‘ಟಾಮ್ ಅಂಡ್ ಜೆರ್ರಿ’ಗೆ ಸ್ಕಾಟ್ ಬ್ರಾಡ್ಲಿ ಇನ್ನೂ ಮುಂದೆ ಹೋದರು. 1944ರ ಒಂದು ಕಂತಿನಲ್ಲಿ ಅವರು ಹನ್ನೆರಡು ಸ್ವರಗಳ ಪದ್ಧತಿಯನ್ನು ಬಳಸಿದ್ದಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಹನ್ನೆರಡೂ ಸ್ವರಸ್ಥಾನಗಳನ್ನು ಬಳಸಬೇಕು, ಯಾವುದನ್ನೂ ಷಡ್ಜವೆಂದು ಒಪ್ಪಿಕೊಳ್ಳಬಾರದು. ಆಧಾರ ಶ್ರುತಿಯೇ ಇಲ್ಲದ ಸಂಗೀತ. ಕಚೇರಿಯಲ್ಲಿ ಕೇಳಿದರೆ ಎದ್ದು ಹೋಗುವಂಥದ್ದನ್ನು ಜಗತ್ತಿನ ಮಕ್ಕಳೆಲ್ಲ ಕೂತು, ನಗುತ್ತಾ ಕೇಳಿದರು. ಇಲಿಯ ದಿಗಿಲು ಅವರಿಗೆ ತಲುಪಿತ್ತು.

ಇದು ನಮ್ಮೂರಿಗೂ ಸಂಬಂಧಿಸಿದ್ದೇ. ಕೇಬಲ್ ಬಂದ ಹೊಸತರಲ್ಲಿ ಹಾಸನದ ಮನೆಗಳಲ್ಲಿ ಮಕ್ಕಳು ನೋಡಿದ ಕಾರ್ಟೂನುಗಳಲ್ಲಿ ಕನ್ನಡವೇ ಇರಲಿಲ್ಲ. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ತಡೆಯಿತ್ತು. ಅದರ ಸರಿತಪ್ಪು ಇಲ್ಲಿ ಬೇಡ. ಆದರೆ ಒಂದು ಇಡೀ ತಲೆಮಾರಿನ ಕನ್ನಡದ ಮಕ್ಕಳು ಮಾತು ತಿಳಿಯದೆಯೇ ಕಾರ್ಟೂನು ನೋಡಿ ದೊಡ್ಡವರಾದರು. ಯಾರು ಕೆಟ್ಟವರು, ಯಾವಾಗ ಹೆದರಬೇಕು, ಯಾವಾಗ ಪಾಪ ಅನ್ನಬೇಕು ಎಂದು ಅವರಿಗೆ ಹೇಳಿಕೊಟ್ಟದ್ದು ಸಂಗೀತ. ನನ್ನ ಹಳೇ ವಿದ್ಯಾರ್ಥಿಗಳಲ್ಲಿ ಹಲವರು ಕೀರ್ತನೆ ಕಲಿಯುವ ಮೊದಲೇ ಬ್ರಾಡ್ಲಿಯ ಶಾಲೆಯಲ್ಲಿ ಕಿವಿ ತಿದ್ದಿಕೊಂಡು ಬಂದವರು.

ದೂರದರ್ಶನದವರು ಮತ್ತೆ ಮತ್ತೆ ಹಾಕುತ್ತಿದ್ದ ‘ಏಕ್ ಅನೇಕ್ ಔರ್ ಏಕ್ತಾ’ ಕೂಡ ಹಾಗೆಯೇ. 1974ರಲ್ಲಿ ಫಿಲ್ಮ್ಸ್ ಡಿವಿಷನ್‌ಗಾಗಿ ವಿಜಯಾ ಮುಳೆ ನಿರ್ದೇಶಿಸಿದ್ದು, ಸಂಗೀತ ವಸಂತ ದೇಸಾಯಿ ಅವರದು. ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರುವ ಕತೆ. ಹಿಂದಿ ಬಾರದ ನಮ್ಮ ಹಳ್ಳಿ ಮಕ್ಕಳೂ ಆ ಹಾಡನ್ನು ತಪ್ಪುತಪ್ಪಾಗಿ ಗುನುಗುತ್ತಿದ್ದರು, ಹಕ್ಕಿಗಳು ಮೇಲೇಳುವಾಗ ಕೂತಲ್ಲೇ ಕೈ ಬಡಿಯುತ್ತಿದ್ದರು.

ಅತೀತದ ಕತೆ ಬೇರೆ. 1929ರ ‘ದಿ ಸ್ಕೆಲಿಟನ್ ಡಾನ್ಸ್’ನಲ್ಲಿ ಸ್ಟಾಲಿಂಗ್ ಅವರ ಸಲಹೆಯಂತೆ ಸಂಗೀತವೇ ಮುಂದೆ ನಡೆಯಿತು, ಅಸ್ಥಿಪಂಜರಗಳು ಅದಕ್ಕೆ ಕುಣಿದವು. 1940ರ ‘ಫ್ಯಾಂಟೇಸಿಯಾ’ ಇದರ ತುತ್ತತುದಿ. ಈ ಕ್ರಮವನ್ನು ಭಾವನೆಯ ಕಡೆ ತಿರುಗಿಸಿದವರು, ನನ್ನ ಮಟ್ಟಿಗೆ, ಜಪಾನಿನ ಜೋ ಹಿಸೈಶಿ. ಹಯಾವೊ ಮಿಯಾಜಾಕಿ ಅವರ ಚಿತ್ರಗಳಿಗೆ 1984ರಿಂದ ಸಂಗೀತ ಕೊಡುತ್ತಾ ಬಂದವರು. ಚಿತ್ರ ಪೂರ್ತಿ ಆಗುವ ಮೊದಲೇ, ನಿರ್ದೇಶಕರ ಟಿಪ್ಪಣಿ, ರೇಖಾಚಿತ್ರಗಳನ್ನಷ್ಟೇ ಇಟ್ಟುಕೊಂಡು ಅವರು ಒಂದು ‘ಇಮೇಜ್ ಆಲ್ಬಂ’ ಮಾಡುತ್ತಾರೆ. ಪಾತ್ರಗಳ ಓಡಾಟ ಇನ್ನೂ ಹುಟ್ಟಿರುವುದಿಲ್ಲವಾದ್ದರಿಂದ ಹೆಜ್ಜೆಗೆ ಪೆಟ್ಟು ಹಾಕುವ ಮಾತೇ ಇಲ್ಲ. ಆ ಜಾಗದ ಗಾಳಿ, ಆ ಹುಡುಗಿಯ ಒಂಟಿತನ, ಇಷ್ಟೇ ಕೈಯಲ್ಲಿರುವುದು. ಆಮೇಲೆ ಚಿತ್ರ ಬಂದಾಗ ಅದರಿಂದ ಬೇಕಾದಷ್ಟನ್ನು ಎತ್ತಿ ಹದ ಮಾಡುತ್ತಾರೆ. 2001ರ ‘ಸ್ಪಿರಿಟೆಡ್ ಅವೇ’ಯಲ್ಲಿ ನೀರಿನ ಮೇಲೆ ಹೋಗುವ ರೈಲಿನಲ್ಲಿ ಹುಡುಗಿ ಸುಮ್ಮನೆ ಕೂತಿರುತ್ತಾಳೆ. ಏನೂ ಘಟಿಸುವುದಿಲ್ಲ. ಪಿಯಾನೋ ಮೆಲ್ಲಗೆ ನುಡಿಯುತ್ತದೆ, ಸಂಜೆಯಾಗುತ್ತದೆ. ಹಾಸನದಿಂದ ಸಕಲೇಶಪುರದ ಕಡೆ ಸಂಜೆ ರೈಲಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತಾಗಲೆಲ್ಲ ನನಗೆ ಆ ದೃಶ್ಯ ನೆನಪಾಗುತ್ತದೆ.

ಹಿಸೈಶಿಯ ಇನ್ನೊಂದು ಪ್ರಸಂಗ ಇಡೀ ವಿಷಯವನ್ನೇ ಬಿಚ್ಚಿಡುತ್ತದೆ. 1986ರ ‘ಲಪುಟಾ’ ಎರಡು ಗಂಟೆ ಮೀರಿದ ಚಿತ್ರ. ಅದರಲ್ಲಿ ಸಂಗೀತ ಇದ್ದದ್ದು ಸುಮಾರು ಒಂದು ಗಂಟೆ. 1990ರ ದಶಕದ ಕೊನೆಗೆ ಡಿಸ್ನಿ ಅದನ್ನು ಇಂಗ್ಲಿಷಿಗೆ ತರುವಾಗ, ಇಷ್ಟು ಮೌನ ಅಮೆರಿಕದ ಪ್ರೇಕ್ಷಕರಿಗೆ ಒಗ್ಗದು ಎಂದು ಹಿಸೈಶಿ ಅವರಿಂದಲೇ ಹೆಚ್ಚುವರಿ ಸಂಗೀತ ಬರೆಸಿದರು. ಕತೆ ಒಂದೇ, ಚಿತ್ರ ಒಂದೇ, ಸಂಗೀತಗಾರರೂ ಅವರೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಮೊದಲನೆಯದರಲ್ಲಿ ಮೋಡದ ಮೇಲಿನ ಆ ಪಾಳು ಕೋಟೆಯನ್ನು ನಾವೇ ಕಂಡುಕೊಂಡ ಹಾಗಾಗುತ್ತದೆ. ಎರಡನೆಯದರಲ್ಲಿ ಯಾರೋ ಕೈ ಹಿಡಿದು ತೋರಿಸಿದ ಹಾಗೆ. ಎರಡನೆಯದೂ ಸೊಗಸಾಗಿದೆ. ನನ್ನ ಓಟು ಮಾತ್ರ ಮೊದಲನೆಯದಕ್ಕೆ.

ಮೌನದ ಬೆಲೆ ಅಮೆರಿಕದವರಿಗೆ ತಿಳಿದೇ ಇರಲಿಲ್ಲ ಎನ್ನುವಂತಿಲ್ಲ. 1942ರ ‘ಬ್ಯಾಂಬಿ’ಯಲ್ಲಿ ತಾಯಿ ಜಿಂಕೆ ಮರಿಯನ್ನು ಓಡಿಸಿಕೊಂಡು ಬರುವಾಗ ವಾದ್ಯಗಳೆಲ್ಲ ಒಟ್ಟಿಗೆ ಏರುತ್ತವೆ, ಗುಂಡಿನ ಸದ್ದಿಗೆ ಕತ್ತರಿಸಿದ ಹಾಗೆ ನಿಲ್ಲುತ್ತವೆ. ಸಾವನ್ನು ತೋರಿಸುವುದಿಲ್ಲ. ಆ ನಿಲುಗಡೆಯೇ ಸಾವಿನ ಸುದ್ದಿ.

1994ರ ‘ದಿ ಲಯನ್ ಕಿಂಗ್’ನಲ್ಲಿ ಹಾನ್ಸ್ ಜಿಮ್ಮರ್ ಬೇರೆ ದಾರಿ ಹಿಡಿದರು. ಅವರ ತಂದೆ ತೀರಿಕೊಂಡಾಗ ಅವರಿಗೆ ಆರು ವರ್ಷ. ತಂದೆ ಸಿಂಹ ಸಾಯುವ ಭಾಗವನ್ನು ಬರೆಯುವಾಗ ಅಷ್ಟು ವರ್ಷ ಮುಚ್ಚಿಟ್ಟಿದ್ದ ಆ ದುಃಖವನ್ನು ಎದುರಿಸಬೇಕಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ದಕ್ಷಿಣ ಆಫ್ರಿಕಾದ ಲೆಬೊ ಎಂ ಅವರ ಜುಲು ಗಾಯನವನ್ನು ಜೊತೆಗಿಟ್ಟುಕೊಂಡು ಅವರು ಕಟ್ಟಿದ್ದು ಮಕ್ಕಳ ಸಿನಿಮಾದ ಹಿನ್ನೆಲೆ ಸಂಗೀತವನ್ನಲ್ಲ, ಒಂದು ಚರಮಗೀತೆಯನ್ನು. 2017ರ ‘ಕೊಕೊ’ದಲ್ಲಿ ಒಂದೇ ಹಾಡು ಮೊದಲು ವೇದಿಕೆಯ ಅಬ್ಬರವಾಗಿ, ಆಮೇಲೆ ಅಪ್ಪ ಪುಟ್ಟ ಮಗಳಿಗೆ ಹಾಡುವ ಜೋಗುಳವಾಗಿ, ಕೊನೆಗೆ ನೆನಪು ಮಾಸಿದ ಅಜ್ಜಿಯ ಕಿವಿಯಲ್ಲಿ ಪಿಸುಮಾತಾಗಿ ಬರುತ್ತದೆ. ಅಬ್ಬರ ಕಳಚಿದಷ್ಟೂ ಹಾಡು ಎದೆಗೆ ಹತ್ತಿರ.

2025ರಲ್ಲಿ ‘ಮಹಾವತಾರ ನರಸಿಂಹ’ ಕನ್ನಡದಲ್ಲೂ ತೆರೆಗೆ ಬಂತು. ಸಂಗೀತ ಸ್ಯಾಮ್ ಸಿ.ಎಸ್. ಅವರದು. ಬೇಲೂರಿನ ನರಸಿಂಹ ಕಂಬವನ್ನು ನೋಡುತ್ತಾ ಬೆಳೆದ ಮಕ್ಕಳು ಅದೇ ದೇವರು ಓಡಾಡುವುದನ್ನು ತಮ್ಮ ಭಾಷೆಯಲ್ಲೇ ಕಂಡರು. ಇಂಥ ಕತೆಯನ್ನು ಕೈಗೆತ್ತಿಕೊಳ್ಳುವ ಯಾವ ಸಂಗೀತಗಾರನಿಗಾದರೂ ಮೊದಲ ಪ್ರಶ್ನೆ ಇದೇ: ಕಂಬ ಒಡೆಯುವಾಗ ಘರ್ಜನೆಯ ಜೊತೆ ನಿಲ್ಲುವುದೇ, ಕೆಳಗೆ ಕೈಮುಗಿದು ನಿಂತ ಹುಡುಗನ ಜೊತೆ ನಿಲ್ಲುವುದೇ? ಕನ್ನಡದಲ್ಲೇ ಇಂಥ ಚಿತ್ರಗಳನ್ನು ಮಾಡುವವರು ಹೆಚ್ಚಾಗುವ ಕಾಲ ಹತ್ತಿರವಿದೆ ಎಂದು ನಂಬಿದ್ದೇನೆ.

ಹಾಗೆ ನಂಬಲು ಕಾರಣವಿದೆ. ಹೋದ ವರ್ಷ ಚಿಕ್ಕಮಗಳೂರಿನ ಇಬ್ಬರು ಹುಡುಗರು ತಾವೇ ಬರೆದ ಮೂರು ನಿಮಿಷದ ಅನಿಮೇಷನ್ ಒಂದನ್ನು ಹಿಡಿದು ನನ್ನ ಹತ್ತಿರ ಬಂದರು. ಕಾಫಿ ತೋಟದ ಗೇಟಿನ ಬಳಿ ಮಳೆಯಲ್ಲಿ ಒಂದು ನಾಯಿ ತೀರಿಹೋದ ಯಜಮಾನನಿಗೆ ಕಾಯುತ್ತದೆ, ಅಷ್ಟೇ ಕತೆ. ಯಾವುದೋ ದೊಡ್ಡ ಚಿತ್ರದ ಸಂಗೀತವನ್ನು ತಾತ್ಕಾಲಿಕವಾಗಿ ಶುರುವಿನಿಂದ ಕೊನೆಯವರೆಗೂ ಹಾಕಿಕೊಂಡಿದ್ದರು. “ಸರ್, ಇದೇ ಥರ ಬೇಕು” ಅಂದರು. ದೊಡ್ಡ ಸ್ಟುಡಿಯೋಗಳಲ್ಲೂ ನಡೆಯುವುದು ಹೀಗೆಯೇ. ತಾತ್ಕಾಲಿಕಕ್ಕೆ ಕಿವಿ ಒಗ್ಗಿಹೋಗಿ, ಸಂಗೀತಗಾರನಿಂದ ಅದರ ನಕಲನ್ನೇ ಕೇಳುತ್ತಾರೆ. ನಾನೂ ಮೊದಲು ಪಿಟೀಲಿನಲ್ಲಿ ಮೂರೂ ನಿಮಿಷ ತುಂಬಿಸಿ ಕೊಟ್ಟೆ. ಮೂವರೂ ಕೂತು ಕೇಳಿದೆವು. ನಾಯಿಗಿಂತ ಮೊದಲೇ ಪಿಟೀಲು ಅಳುತ್ತಿತ್ತು.

ಎಲ್ಲ ತೆಗೆದೆವು. ಹುಡುಗರು ಮೂಡಿಗೆರೆ ಕಡೆಯ ಒಂದು ಲೈನ್ ಮನೆಗೆ ಹೋಗಿ ತಗಡಿನ ಮೇಲೆ ಮಳೆ ಬೀಳುವ ಸದ್ದನ್ನು ಫೋನಿನಲ್ಲಿ ಹಿಡಿದು ತಂದರು. ಮಳೆ ಜೋರಾಗುತ್ತದೆ, ಇಳಿಯುತ್ತದೆ, ಸೂರಿನ ಅಂಚಿನಿಂದ ಹನಿ ಮಾತ್ರ ಬೀಳುತ್ತದೆ. ನಾಯಿ ಎದ್ದು ಮೈ ಕೊಡವಿ ಹೋಗುತ್ತದೆ. ಈಗ ಅದರಲ್ಲಿ ಸಂಗೀತ ಇರುವುದು ಕೊನೆಯ 40 ಸೆಕೆಂಡು. ಗೇಟು ಖಾಲಿಯಾದ ಮೇಲೆ, ಅನಾಗತವಾಗಿ, ಮಂದ್ರದ ತಂತಿಯಲ್ಲಿ, ಒಂದು ಷಡ್ಜದಿಂದ ಶುರುವಾಗುತ್ತದೆ.