ಸಮುದ್ರದ ಕಲ್ಲುಹೂವು ಬಿಳುಚಿಕೊಳ್ಳುವುದೇಕೆ?

ಮಲೆನಾಡಿನ ಮರದ ಬೊಡ್ಡೆಗೂ ಬಂಡೆಗೂ ಅಂಟಿ ಬೆಳೆಯುವ ಕಲ್ಲುಹೂವು ಮಸಾಲೆ ಹುರಿಯುವವರಿಗೆಲ್ಲ ಗೊತ್ತು. ಅದು ಒಂದು ಜೀವವಲ್ಲ, ಎರಡರ ಕೂಡುಬಾಳು. ಶಿಲೀಂಧ್ರ ಮನೆ ಕಟ್ಟಿಕೊಡುತ್ತದೆ, ಒಳಗಿರುವ ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತದೆ. ಸಮುದ್ರದ ಹವಳದ ಸಂಸಾರವೂ ಹೀಗೇ, ಆದರೆ ಅಲ್ಲಿ ಮನೆ ಕಟ್ಟುವುದು ಒಂದು ಪ್ರಾಣಿ. ಅದರ ಹೆಸರು ಪಾಲಿಪ್. ಬಹುಪಾಲು ಜಾತಿಗಳಲ್ಲಿ ಅಕ್ಕಿಕಾಳಿನಷ್ಟೇ ಗಾತ್ರ; ನಡುವೆ ಬಾಯಿ, ಸುತ್ತ ಎಳೆಎಳೆಯಾದ ಕೈಗಳು. ಕೂತ ಜಾಗದಲ್ಲಿ ಅದು ಕ್ಯಾಲ್ಸಿಯಂ ಕಾರ್ಬೊನೇಟಿನ ಬಟ್ಟಲು ಕಟ್ಟಿಕೊಳ್ಳುತ್ತದೆ. ಅಡಿಕೆ ತೋಟದ ಬೋರ್ಡೋ ದ್ರಾವಣಕ್ಕೆ ಕಲಸುವ ಸುಣ್ಣವನ್ನು ಸುಟ್ಟು ತೆಗೆಯುವುದು ಇದೇ ವಸ್ತುವಿನಿಂದ. ಇಂಥ ಕೋಟ್ಯಂತರ ಬಟ್ಟಲುಗಳು ಒಂದರ ಮೇಲೊಂದು ಕೂತರೆ ಹವಳದ ದಿಬ್ಬ. (ಸರಕ್ಕೆ ಪೋಣಿಸುವ ಕೆಂಪು ಹವಳ ಬೇರೆಯದೇ ಜಾತಿ. ಅದರಲ್ಲಿ ಪಾಚಿ ಇರುವುದಿಲ್ಲ, ಅದು ದಿಬ್ಬವನ್ನೂ ಕಟ್ಟುವುದಿಲ್ಲ.)

ಹವಳ ಪ್ರಾಣಿ ಎಂದು ಒಪ್ಪುವುದಕ್ಕೇ ವಿದ್ವಾಂಸರಿಗೆ ಬಹಳ ಕಾಲ ಹಿಡಿಯಿತು. ಕೆಂಪು ಹವಳದ ಮೇಲೆ ಅರಳುವುದನ್ನು ಹೂವೆಂದೇ ತಿಳಿದಿದ್ದರು. 1720ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪೆಯ್ಸೊನೆಲ್ ಅದು ಹೂವಲ್ಲ, ಪ್ರಾಣಿ ಎಂದಾಗ ಪ್ಯಾರಿಸ್ಸಿನ ಪಂಡಿತರು ನಂಬಲಿಲ್ಲ. 1842ರಲ್ಲಿ ಡಾರ್ವಿನ್ ಇನ್ನೊಂದು ಒಗಟು ಬಿಡಿಸಿದ: ಜ್ವಾಲಾಮುಖಿ ದ್ವೀಪ ನಿಧಾನವಾಗಿ ಕುಸಿಯುತ್ತದೆ, ಹವಳ ಬಿಸಿಲನ್ನು ಅರಸಿ ಮೇಲೆ ಬೆಳೆಯುತ್ತ ಹೋಗುತ್ತದೆ, ಕೊನೆಗೆ ನಡುವಿನ ಬೆಟ್ಟ ಮುಳುಗಿ ಉಂಗುರವಷ್ಟೇ ಉಳಿಯುತ್ತದೆ. 1952ರಲ್ಲಿ ಪೆಸಿಫಿಕ್ಕಿನ ಎನಿವೆಟಾಕ್ ದ್ವೀಪದಲ್ಲಿ ಕೊಳವೆ ಇಳಿಸಿದಾಗ 1,200 ಮೀಟರಿಗೂ ಹೆಚ್ಚು ದಪ್ಪ ಸುಣ್ಣಕಲ್ಲಿನ ಅಡಿಯಲ್ಲಿ ಜ್ವಾಲಾಮುಖಿ ಶಿಲೆಯೇ ಸಿಕ್ಕಿತು. ನಮ್ಮ ಲಕ್ಷದ್ವೀಪವೂ ಇಂಥ ಉಂಗುರಗಳ ಸಾಲು.

ಇಷ್ಟು ಮಳೆ ಸುರಿಯುವ ಮಲೆನಾಡಿಗೂ ಹವಳಕ್ಕೂ ಏನು ಸಂಬಂಧ? ಇದೆ, ಆದರೆ ಎಣ್ಣೆ ಸೀಗೆಕಾಯಿಯ ಸಂಬಂಧ. ದಿಬ್ಬ ಕಟ್ಟುವ ಹವಳಕ್ಕೆ ಬೇಕಾದದ್ದು ತಿಳಿನೀರು, ಬಿಸಿಲು, ಲೀಟರಿಗೆ 32 ಗ್ರಾಂಗೆ ಕಡಿಮೆಯಿಲ್ಲದ ಉಪ್ಪು. ಜೂನ್‌ನಿಂದ ಘಟ್ಟದ ಹೊಳೆಗಳು ಕೆಂಪುನೀರನ್ನು ಕರಾವಳಿಗೆ ತಂದು ಸುರಿದರೆ ಮೂರೂ ಕೆಡುತ್ತವೆ. ಹವಳದ ಮರಿ ತೇಲಿ ಬಂದು ಕೂರಲು ಗಟ್ಟಿಯಾದ, ಚೊಕ್ಕ ಕಲ್ಲು ಬೇಕು. ತೆಳು ಪದರದ ಗೋಡು ಕೂತಿದ್ದರೂ ಅದು ನೆಲೆಗೊಳ್ಳದು. ಕರ್ನಾಟಕದ ದಡದುದ್ದಕ್ಕೂ ದೊಡ್ಡ ಹವಳದ ದಿಬ್ಬ ಇಲ್ಲದಿರುವುದಕ್ಕೆ, ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಸಮುದ್ರದೊಳಗಿರುವ ನೇತ್ರಾಣಿ ದ್ವೀಪದಂಥ ಕಡೆಯ ಬಂಡೆಗಳ ಮೇಲೆ ಮಾತ್ರ ಚದುರಿದಂತೆ ಹವಳ ಕಾಣುವುದಕ್ಕೆ ಇದು ದೊಡ್ಡ ಕಾರಣ.

ಉಪ್ಪಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಶರಾವತಿಯೇ ತೋರಿಸಿದೆ. ಲಿಂಗನಮಕ್ಕಿ ಕಟ್ಟಿದ ಮೇಲೆ ವಿದ್ಯುದಾಗಾರಗಳ ನೀರು ಬೇಸಿಗೆಯಲ್ಲೂ ಹರಿದು ಹೊನ್ನಾವರದ ಅಳಿವೆ ಸಿಹಿಯಾಯಿತು. ಅಲ್ಲಿನ ಬಳಚು ಎಂಬ ಚಿಪ್ಪುಜೀವಿ ಕ್ಷೀಣಿಸಿತು. ಪಕ್ಕದಲ್ಲೇ ಇರುವ, ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಅದಿನ್ನೂ ಇದೆ. ಬಳಚು ಹವಳವಲ್ಲ, ನಿಜ. ಆದರೆ ಸುಣ್ಣದ ಮನೆ ಕಟ್ಟುವ ಜೀವಗಳು ನೀರಿನ ಹದಕ್ಕೆ ಎಷ್ಟು ಜೋತುಬಿದ್ದಿವೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಈಗಿನ ದೊಡ್ಡ ಕಂಟಕ ಬಿಸಿ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 90ರವರೆಗೂ ಒಳಗಿನ ಪಾಚಿಯೇ ಕೊಡುತ್ತದೆ. ನೀರು ಮಿತಿ ಮೀರಿ ಕಾದಾಗ ಆ ಪಾಚಿಯ ಅಡುಗೆ ಕೆಟ್ಟು ವಿಷಕಾರಿ ಆಮ್ಲಜನಕ ಹುಟ್ಟುತ್ತದೆ, ಹವಳ ಆ ಪಾಚಿಯನ್ನೇ ಹೊರಗೆ ಹಾಕುತ್ತದೆ. ಬಣ್ಣದ ಬಹುಪಾಲು ಪಾಚಿಯದೇ ಆದ್ದರಿಂದ ಪಾರದರ್ಶಕ ಮೈಯೊಳಗಿನ ಬಿಳಿ ಸುಣ್ಣ ಕಾಣುತ್ತದೆ. ಬಿಳುಚಿದ ಹವಳ ಸತ್ತಿಲ್ಲ, ಉಪವಾಸ ಬಿದ್ದಿದೆ. ಕೆಲವು ವಾರಗಳಲ್ಲಿ ನೀರು ತಣಿದರೆ ಪಾಚಿ ಮರಳುತ್ತದೆ. ತಣಿಯದಿದ್ದರೆ ಹವಳ ಸಾಯುತ್ತದೆ, ಅದರ ಮೇಲೆ ಬೇರೆ ಪಾಚಿಯ ಹಾಸು ಬೆಳೆಯುತ್ತದೆ. ಆ ಹಾಸನ್ನು ಕೆರೆದು ತಿನ್ನುವ ಗಿಳಿಮೀನುಗಳನ್ನೂ ಹಿಡಿದು ಮುಗಿಸಿದ್ದರೆ ಹೊಸ ಮರಿಗಳು ಕೂರಲು ಜಾಗವೇ ಸಿಗದು.

ಎಷ್ಟು ಬಿಸಿ ಅತಿಯಾಯಿತು? ಆ ಜಾಗದ ಅತಿ ಬೆಚ್ಚನೆಯ ತಿಂಗಳ ಸರಾಸರಿ 30 ಡಿಗ್ರಿ ಎಂದಿಟ್ಟುಕೊಳ್ಳಿ. ಅದಕ್ಕಿಂತ 1 ಡಿಗ್ರಿ ಅಥವಾ ಹೆಚ್ಚು ಏರಿದ ವಾರಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ನೀರು 31.5 ಡಿಗ್ರಿಯಲ್ಲಿ ನಾಲ್ಕು ವಾರ ನಿಂತರೆ 1.5ನ್ನು ನಾಲ್ಕರಿಂದ ಗುಣಿಸಿ 6. ಹನ್ನೆರಡು ವಾರಗಳ ಒಟ್ಟು ಮೊತ್ತ 4 ದಾಟಿದರೆ ಬಿಳುಚುವಿಕೆ, 8 ದಾಟಿದರೆ ಸಾವು ಶುರು. ಅಮೆರಿಕದ ಸಾಗರ ಸಂಸ್ಥೆ ನೋವಾ ಈ ಮಾಪಕಕ್ಕೆ ಇತ್ತೀಚೆಗೆ ಮೇಲಿನ ಮೂರು ಹಂತ ಸೇರಿಸಿದೆ, 20ರವರೆಗೆ. ಹಳೆಯ ಮಾಪಕ ಸಾಲದೇ ಹೋಯಿತು.

ಬಿಳುಚುವುದೇನೂ ಹೊಸದಲ್ಲ. 1929ರಲ್ಲೇ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅದನ್ನು ಗಮನಿಸಿದ್ದರು. ಹೊಸದೆಂದರೆ ಅದರ ಹರಹು, ಮತ್ತು ನಡುವಿನ ಬಿಡುವು ಸಾಲದಿರುವುದು. 1982–83ರ ಎಲ್ ನಿನೊ ಪೂರ್ವ ಪೆಸಿಫಿಕ್ಕಿನ ಹವಳವನ್ನು ಬಡಿಯಿತು. 1998ರದು ಇಡೀ ಜಗತ್ತಿನದ್ದು. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024. ಬೇಗ ಬೆಳೆಯುವ ಕವಲು ಹವಳ ಚೇತರಿಸಿಕೊಳ್ಳಲೂ ಸುಮಾರು ಹತ್ತು ವರ್ಷ ಬೇಕು. ಮೊದಲ ಬಿಡುವು 12 ವರ್ಷ, ಆಮೇಲೆ 6, 8. ಅಲ್ಲಿನ ಜೀವಂತ ಹವಳದ ಹರಹು 1998ರಿಂದೀಚೆಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ.

ಇನ್ನೊಂದು ನಿಧಾನದ ಕಾಟ ಹುಳಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಸಾಗರದ ಮೇಲ್ನೀರಿನ ಪಿಎಚ್ 8.2ರಿಂದ 8.1ಕ್ಕೆ ಜಾರಿದೆ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಹಾಕುವವರಿಗೆ ಹುಳಿ ಸುಣ್ಣವನ್ನು ತಿನ್ನುವುದು ಗೊತ್ತೇ ಇದೆ.

ಮನುಷ್ಯ ನೇರವಾಗಿ ಕಿತ್ತದ್ದೂ ಕಡಿಮೆಯಲ್ಲ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕಾಗಿ ಹವಳ ಅಗೆಯುತ್ತಿದ್ದರು; 1986ರಲ್ಲಿ ಅಲ್ಲಿನ 21 ದ್ವೀಪಗಳು ಸಾಗರ ರಾಷ್ಟ್ರೀಯ ಉದ್ಯಾನವಾದವು. 2001ರಿಂದ ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಇದಕ್ಕೂ. ಷೋಕೇಸಿನಲ್ಲಿಡಲು ಒಂದು ತುಂಡು ತಂದರೂ ಅಪರಾಧ.

ಸಾಗರ, ಜೋಗದ ದಾರಿ ಹಿಡಿದು ನೇತ್ರಾಣಿಗೆ ಡೈವಿಂಗ್ ಹೋಗುವವರು ಹೆಚ್ಚಿದ್ದಾರೆ. ಕಾಲಿನ ರೆಕ್ಕೆ ತಳಕ್ಕೆ ತಾಗಿದರೆ ಏಳುವ ಗೋಡು ಪಾಲಿಪ್‌ಗಳ ಬಾಯಿಗೇ ಬೀಳುತ್ತದೆ. ಬೆರಳಿನ ಒತ್ತಡಕ್ಕೂ ಅದರ ತೆಳು ಮೈ ಹರಿಯುತ್ತದೆ. ಸನ್‌ಸ್ಕ್ರೀನ್ ಬದಲು ತುಂಬುತೋಳಿನ ಅಂಗಿ ಮೇಲು. ಬುಕ್ ಮಾಡುವ ಮೊದಲು ಕೇಳಬೇಕಾದದ್ದು, ದೋಣಿಯನ್ನು ತೇಲುಬುರುಡೆಗೆ ಕಟ್ಟುತ್ತಾರೋ, ಲಂಗರು ಎಸೆಯುತ್ತಾರೋ ಎಂದು. ವರ್ಷಕ್ಕೆ ಸೆಂಟಿಮೀಟರಿನಷ್ಟೇ ಬೆಳೆಯುವ ಗುಂಡು ಹವಳ ಫುಟ್‌ಬಾಲಿನ ಗಾತ್ರಕ್ಕೆ ಬರಲು 10ರಿಂದ 20 ವರ್ಷ ಬೇಕು. ಅಷ್ಟರಲ್ಲಿ ಅಡಿಕೆ ಸಸಿ ನೆಟ್ಟವನು ಹಲವು ಫಸಲು ಕೊಯ್ದಿರುತ್ತಾನೆ. ಅದರ ಮೇಲೆ ಲಂಗರು ಬೀಳಲು ಒಂದು ಕ್ಷಣ ಸಾಕು.